ಗಾಯ ಮಾಗಿದರೂ ಹೋಗದ ಎದೆನೋವು: ಬೈಪಾಸ್‌ಗೆ ಮೊದಲೇ ಕೇಳಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೃದಯದ ಬೈಪಾಸ್ ಆಪರೇಷನ್ ಮಾಡಿಸಿಕೊಂಡ ಕೆಲವರಿಗೆ ಗಾಯ ಮಾಗಿ ತಿಂಗಳುಗಳಾದರೂ ಎದೆಯ ಎಡಭಾಗ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಅಂಗಿ ತಾಗಿದರೂ ಚುಚ್ಚುತ್ತದೆ. ಇಸಿಜಿ ಸರಿಯಿದ್ದರೂ ಅವರು ಸುಳ್ಳು ಹೇಳುತ್ತಿಲ್ಲ. ಅದು ನರದ ನೋವು. ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ.

ಎದೆಮೂಳೆ ಸೀಳಿ ಅಗಲಿಸುವಾಗ ಪಕ್ಕೆಲುಬುಗಳ ನಡುವಿನ ನರಗಳು ಜಗ್ಗುತ್ತವೆ. ಬೈಪಾಸ್‌ಗೆ ಜೋಡಿಸಲು ಎದೆಗೋಡೆಯ ಒಳಗಿನ ಎಡ ಮ್ಯಾಮರಿ ರಕ್ತನಾಳವನ್ನು ಬಿಡಿಸುವಾಗ ಆ ನರಗಳ ಕವಲುಗಳಿಗೆ ಕಾಟರಿಯ (ರಕ್ತ ನಿಲ್ಲಿಸಲು ಸುಡುವ ವಿದ್ಯುತ್ ಉಪಕರಣ) ಶಾಖವೂ ತಗಲುತ್ತದೆ. ಮೊದಲ ದಿನಗಳ ತೀವ್ರ ನೋವು ಬೆನ್ನುಹುರಿಯನ್ನು ಸೂಕ್ಷ್ಮಗೊಳಿಸುತ್ತದೆ. ಆದ್ದರಿಂದ ಆ ದಿನಗಳಲ್ಲೇ ನೋವನ್ನು ಹಿಡಿಯಬೇಕು.

ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ನೋಡಿಕೊಂಡು ಎದೆಮೂಳೆಯ ಇಕ್ಕೆಲಗಳಲ್ಲಿ ರೋಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಹಾಕಿ ನರಗಳ ನೋವು ತಡೆಯುವ ಪ್ಯಾರಾಸ್ಟರ್ನಲ್ ಬ್ಲಾಕ್ ನನಗೆ ಮುಖ್ಯವೆನಿಸುತ್ತದೆ. ಶೇ 0.25ರ ದ್ರಾವಣ ಪ್ರತಿ ಬದಿಗೆ 20 ಮಿಲಿ ಎಂದರೆ ಒಟ್ಟು 100 ಮಿಗ್ರಾಂ. ಮಿತಿ ಕೆಜಿಗೆ 3 ಮಿಗ್ರಾಂ, ಅಂದರೆ 50 ಕೆಜಿಯವರಿಗೆ 150. ಅಷ್ಟೇ ಮಿಲಿಗೆ ಶೇ 0.5ರ ದ್ರಾವಣ ಎಳೆದರೆ 200 ಆಗಿ ಮಿತಿ ಮೀರುತ್ತದೆ. ರೋಗಿ ಪ್ರಜ್ಞೆಯಲ್ಲಿಲ್ಲದಾಗ ಔಷಧಿ ಹೆಚ್ಚಾದಾಗ ಬಾಯಿ ಜುಮ್ಮೆನ್ನುವ ಎಚ್ಚರಿಕೆ ತಿಳಿಯುವುದಿಲ್ಲ, ನೇರವಾಗಿ ಹೃದಯದ ಲಯವೇ ಕೆಡಬಹುದು. ಆ ವಿಷಪರಿಣಾಮಕ್ಕೆ ಮದ್ದಾದ ಶೇ 20ರ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೈಗೆಟುಕುವಂತಿರಬೇಕು. ಇನ್ನೊಂದು ಮಾತು: ಈ ಬ್ಲಾಕ್ ಎದೆಯ ರಕ್ತ ಹೊರಹಾಕುವ ಡ್ರೈನ್ ಕೊಳವೆಯ ಜಾಗಕ್ಕೂ ಬೈಪಾಸ್‌ಗಾಗಿ ರಕ್ತನಾಳ ತೆಗೆದ ಕಾಲಿಗೂ ಮುಟ್ಟುವುದಿಲ್ಲ. ಅಲ್ಲಿಯ ನೋವನ್ನು ಬೇರೆಯಾಗಿ ನೋಡಬೇಕು.

ನೋವು ತಗ್ಗಿಸಲು ರಕ್ತನಾಳದ ಮೂಲಕ ಗಂಟೆಗೆ ಕೆಜಿಗೆ 0.1ರಿಂದ 0.2 ಮಿಗ್ರಾಂ ಕೀಟಮಿನ್ ಎಂಬ ಔಷಧಿ ಕೊಡುವುದುಂಟು. ರೋಪಿವಕೇನ್ ಜಾತಿಯದೇ ಆದ ಲಿಡೊಕೇನ್‌ನ ಡ್ರಿಪ್ ಕೂಡ ಇದೆ, ಆದರೆ ಬ್ಲಾಕ್‌ನ ಔಷಧಿ ದೇಹದಲ್ಲಿರುವಾಗ ಅದು ಬೇಡ, ಎರಡರ ವಿಷಪರಿಣಾಮ ಕೂಡಿಕೊಳ್ಳುತ್ತದೆ. ನರದ ನೋವಿನ ಮಾತ್ರೆ ಪ್ರೀಗಾಬಲಿನ್ ವಯಸ್ಸಾದವರಿಗೆ ಮಂಪರು ತರುತ್ತದೆ, ಕಿಡ್ನಿ ದುರ್ಬಲವಿದ್ದರೆ ಡೋಸ್ ಇಳಿಸಬೇಕು. ದೀರ್ಘಕಾಲದ ನೋವನ್ನು ಖಚಿತವಾಗಿ ತಡೆಯುತ್ತದೆ ಎನ್ನುವ ಒಂದೇ ಔಷಧಿ ಇವುಗಳಲ್ಲಿಲ್ಲ.

ಆಪರೇಷನ್‌ಗೆ ಮೊದಲೇ ಹಳೆಯ ಮಂಡಿನೋವು, ಸಕ್ಕರೆ ಕಾಯಿಲೆಯ ಪಾದದ ಉರಿ, ನುಂಗುತ್ತಿರುವ ನೋವಿನ ಮಾತ್ರೆ ಎಲ್ಲವನ್ನೂ ಅರಿವಳಿಕೆ ವೈದ್ಯರಿಗೆ ಹೇಳಿ. ಮೊದಲೇ ನೋವಿದ್ದವರಿಗೆ ಅಪಾಯ ಹೆಚ್ಚು. ಆಪರೇಷನ್ ಆದ ಮೇಲೆ ಕೆಮ್ಮಿದಾಗ ಎಷ್ಟು ನೋಯುತ್ತದೆ ಎಂದು ನರ್ಸ್‌ಗೆ ತಿಳಿಸಿ, ಹಲ್ಲು ಕಚ್ಚಿ ಸಹಿಸಬೇಡಿ. ಪ್ಯಾರಾಸಿಟಮಾಲನ್ನು ನೋವು ಬಂದಾಗ ಮಾತ್ರವಲ್ಲ, ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂಗಡಿಯಿಂದ ತರಿಸಬೇಡಿ, ಬೈಪಾಸ್ ಆದವರಿಗೆ ಅವು ಅಪಾಯ. ಎದೆಮೂಳೆ ಕೂಡುವ ತನಕ 15 ಕೆಜಿ ಟೊಮೆಟೊ ಬಾಕ್ಸ್ ಎತ್ತಬೇಡಿ. ಉರಿ, ಜೋಮು ಮೂರನೇ ವಾರದಲ್ಲೇ ಕಂಡರೂ ಮುಂದಿನ ತಪಾಸಣೆಯಲ್ಲಿ ಹೇಳಿ. ನಡೆದಾಗ ಎದೆ ಹಿಡಿದರೆ ಅಥವಾ ಗಾಯದಲ್ಲಿ ಕೀವು, ಜ್ವರ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ.