ಕುದುರೆ ಕಟ್ಟುವ ಕಂಬಕ್ಕೆ ಬ್ಯಾಲೆ

ಪಾತ್ರಧಾರಿ ಮಾತನಾಡುತ್ತಿರುವಾಗಲೇ ಪರದೆ ಫಳ್ಳೆಂದು ಬೆಳ್ಳಗಾಗಿ, ಸ್ಪೀಕರಿನಲ್ಲಿ ಟಪ್ಪೆಂದು ಸದ್ದಾಯಿತು. ಮತ್ತೆ ಚಿತ್ರ ಬಂದಾಗ ಅವನ ಮಾತು ಬೇರೆಲ್ಲೋ ಹೋಗಿತ್ತು. ಐದಾರು ಸಲ ಹೀಗೇ ಆದಾಗ ಪಕ್ಕದಲ್ಲಿದ್ದ ಭಾವ ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ಕೋಣೆಯನ್ನು ದುರುಗುಟ್ಟಿ ನೋಡಿದರು. ದೋಷ ಯಂತ್ರದ್ದಲ್ಲ. ಚಿತ್ರದ ನಿರ್ದೇಶಕ, ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಬೇಸರ ಬಂದಾಗಲೆಲ್ಲ ಕ್ಯಾಮೆರಾ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತಿದ್ದ. ಅದೇ ಅವನ ಸಂಕಲನ.

ನ್ಯೂಯಾರ್ಕಿನ ಒಂದು ಕಲಾ ಸಂಗ್ರಹಾಲಯದಲ್ಲಿ ಅಂದು ‘ಲೋನ್ಸಮ್ ಕೌಬಾಯ್ಸ್’ ಪ್ರದರ್ಶನವಿತ್ತು. ಭಾವ ಬೆಂಗಳೂರಿನಲ್ಲಿ ‘ಮೆಕೆನ್ನಾಸ್ ಗೋಲ್ಡ್’ ಮರುಬಿಡುಗಡೆಯಾದಾಗಲೆಲ್ಲ ನೋಡಿದವರು. ಸೂಪ್ ಡಬ್ಬಿಗಳ ಚಿತ್ರ ಬರೆದವನ ಸಿನಿಮಾ ಇದು ಎಂದು ನಾನು ಎಚ್ಚರಿಸಿದರೂ, ಹೆಸರಿನಲ್ಲಿ ಕೌಬಾಯ್ ಇದ್ದುದೇ ಅವರಿಗೆ ಸಾಕಾಗಿತ್ತು.

1968ರ ಜನವರಿಯಲ್ಲಿ ವಾರ್ಹಾಲ್ ‘ಫ್ಯಾಕ್ಟರಿ’ ಎಂಬ ತನ್ನ ಸ್ಟುಡಿಯೊದ ಬಳಗವನ್ನು ಅರಿಜೋನಾದ ಓಲ್ಡ್ ಟೂಸಾನ್‌ಗೆ ಕರೆದೊಯ್ದ. 1939ರಲ್ಲಿ ಸಿನಿಮಾಕ್ಕೆಂದೇ ಕಟ್ಟಿದ ಊರು ಅದು. ಕೌಬಾಯ್ ಚಿತ್ರಗಳ ನಾಯಕ ಜಾನ್ ವೇನ್ ‘ರಿಯೊ ಬ್ರಾವೊ’ದಲ್ಲಿ ಬಂದೂಕು ಹಿಡಿದು ಓಡಾಡಿದ್ದ ಬೀದಿ. ಆ ಬೀದಿಯಲ್ಲಿ ನಟ ಎರಿಕ್ ಎಮರ್ಸನ್ ಕುದುರೆ ಕಟ್ಟುವ ಅಡ್ಡಗಂಬವನ್ನು ಹಿಡಿದು ಜೊತೆಗಾರನಿಗೆ ಬ್ಯಾಲೆ ಕಸರತ್ತು ಹೇಳಿಕೊಡುತ್ತಾನೆ. ಟೋಪಿ, ಬೂಟು ಎಲ್ಲ ಇವೆ, ಮುಖದಲ್ಲಿ ನಗುವಿನ ಸುಳಿವಿಲ್ಲ. ಊರಿನ ಶೆರಿಫ್ ಹೆಣ್ಣುಡುಗೆ ಉಡುವ ಆಸಾಮಿ. ಬಂದೂಕಿಗಿಂತ ಇವರಿಗೆ ತಲೆಗೂದಲಿನದೇ ಚಿಂತೆ. ಗಂಡಸುತನವನ್ನು ಬಂಡವಾಳ ಮಾಡಿಕೊಂಡಿದ್ದ ಒಂದು ಚಿತ್ರಪ್ರಕಾರವನ್ನು ಹೀಗೆ ಅಂಗಿ ಕಳಚಿ ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಎಲ್ಲವನ್ನೂ ಮೆಚ್ಚಲಾರೆ. ನಟಿ ವೀವಾಳ ಮೇಲೆ ಗಂಡಸರೆಲ್ಲ ಎರಗುವ ದೃಶ್ಯ ತಮಾಷೆಯೆಂಬಂತೆ ಶುರುವಾಗಿ ಬಹಳ ಹೊತ್ತು ಎಳೆಯುತ್ತದೆ. ಅದನ್ನು ಪ್ರಯೋಗವೆಂದು ಸಮರ್ಥಿಸುವವರ ಜೊತೆ ವಾದಿಸುವ ತಾಳ್ಮೆ ನನಗಿಲ್ಲ.

‘ಇದೇನಯ್ಯ, ರಿಹರ್ಸಲ್ ತೋರಿಸುತ್ತಿದ್ದಾರೆಯೇ? ಸಿನಿಮಾ ಯಾವಾಗ ಶುರು?’ ಎಂದು ಭಾವ ಕೇಳಿದ್ದು ಮುಂದಿನ ಸಾಲಿಗೂ ಕೇಳಿಸಿರಬೇಕು. ಒಬ್ಬಾಕೆ ತಿರುಗಿ ನಕ್ಕಳು.

ಹೊರಗೆ ಕಾಫಿ ಕುಡಿಯುವಾಗ ಅವರಿಗೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಕಥೆ ಹೇಳಿದೆ. ಚಿತ್ರೀಕರಣ ನೋಡಿದವರು ದೂರು ಕೊಟ್ಟರು. ಅಶ್ಲೀಲ ವಸ್ತುವನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿದ ಶಂಕೆಯ ಮೇಲೆ ತನಿಖೆ ನಡೆಯಿತು. ಆ ವರ್ಷದ ಸ್ಯಾನ್ ಫ್ರಾನ್ಸಿಸ್ಕೊ ಚಿತ್ರೋತ್ಸವದಲ್ಲಿ ಅಧಿಕಾರಿಗಳು ಪ್ರೇಕ್ಷಕರ ನಡುವೆ ಕುಳಿತು ಪೂರ್ತಿ ಸಿನಿಮಾ ನೋಡಿ ವರದಿ ಬರೆದರು. ಮೊಕದ್ದಮೆ ಹೂಡಲಿಲ್ಲ. 1969ರ ಆಗಸ್ಟಿನಲ್ಲಿ ಅಟ್ಲಾಂಟಾದ ಪೊಲೀಸರಂತೂ ಚಿತ್ರಮಂದಿರಕ್ಕೆ ನುಗ್ಗಿ ರೀಲುಗಳನ್ನು ವಶಪಡಿಸಿಕೊಂಡು, ಪ್ರೇಕ್ಷಕರ ಫೋಟೊಗಳನ್ನೂ ತೆಗೆದರು. ಬೇಟೆಯ ಗುರಿ ಸಿನಿಮಾ ಮಾತ್ರವಾಗಿರಲಿಲ್ಲ, ಅದನ್ನು ನೋಡಲು ಬಂದ ಸಲಿಂಗಿಗಳೂ ಆಗಿದ್ದರು.

ಎಫ್‌ಬಿಐ ವರದಿಯಲ್ಲಿ, ಸಿನಿಮಾದಲ್ಲಿ ಕಥೆಯೂ ಇಲ್ಲ, ಪಾತ್ರಗಳ ಬೆಳವಣಿಗೆಯೂ ಇಲ್ಲ ಎಂಬ ದೂರಿದೆ ಎಂದೆ. ಭಾವ ಲೋಟ ಕೆಳಗಿಟ್ಟು, ‘ಅದರಲ್ಲಿ ತಪ್ಪೇನಿದೆ? ಒಳ್ಳೆಯ ವಿಮರ್ಶಕ’ ಎಂದರು. ಆಮೇಲೆ ರೈಲು ನಿಲ್ದಾಣದವರೆಗೂ ಆ ಬ್ಯಾಲೆಯ ಮಾತೇ.