ಬಾಲ್ದಿಯಲ್ಲಿ ಹನ್ನೊಂದು ಮೀನು

3 ನವೆಂಬರ್ 2024, ಭಾನುವಾರ

ದೀಪಾವಳಿಗೆ ಬಂದ ಅಕ್ಕನ ಮಗ ಇವತ್ತು ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ವಾಪಸು. ಬೆಳಿಗ್ಗೆ ತಿಂಡಿಗೆ ಕರೆದರೆ ಆಳೇ ಇಲ್ಲ. ಒಂಬತ್ತು ಗಂಟೆಗೆ ಚಡ್ಡಿ ಒದ್ದೆ ಮಾಡಿಕೊಂಡು, ಎರಡೂ ಕೈಯಲ್ಲಿ ನೀಲಿ ಬಾಲ್ದಿ ಹಿಡಿದು ತೋಟದ ದಾರಿಯಲ್ಲಿ ಬಂದ. ಹೆಗಲ ಮೇಲೆ ಅಪ್ಪನ ಹೊಸ ಬೈರಾಸು, ಕೆಸರಿನಲ್ಲಿ ಅದರ ಬಣ್ಣವೇ ಹೋಗಿತ್ತು.

"ಮಾವ, ತೋಡಿನಲ್ಲಿ ಟೈಗರ್ ಬಾರ್ಬ್ ಉಂಟು! ನಮ್ಮಲ್ಲಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಳ್ಬೇಕು ಗೊತ್ತುಂಟಾ?"

ಮೂರು ದಿನ ನಮ್ಮೊಟ್ಟಿಗೆ ಇದ್ದು ಭಾಷೆ ಸರಿಯಾಗಿತ್ತು, ಮೀನಿನ ಹೆಸರು ಮಾತ್ರ ಸರಿಯಿರಲಿಲ್ಲ. ಟೈಗರ್ ಬಾರ್ಬಿನ ಊರು ಸುಮಾತ್ರಾ, ಬೋರ್ನಿಯೋ. ನೇತ್ರಾವತಿಗೆ ಸೇರುವ ನಮ್ಮ ತೋಡಿಗೆ ಅದು ಬರಬೇಕಾದರೆ ಯಾರೋ ಅಕ್ವೇರಿಯಂ ಬೇಸರವಾದವರು ತಂದು ಸುರಿಯಬೇಕು.

ಅಪ್ಪ ಜಗಲಿಯಿಂದ ಇಳಿದು ಬಂದು ಬಾಲ್ದಿಯೊಳಗೆ ಇಣುಕಿದರು. "ಇಷ್ಟಕ್ಕೆ ನನ್ನ ಬೈರಾಸು ಹಾಳು ಮಾಡಿದ್ಯಾ? ಒಂದು ಹೊತ್ತಿನ ಸಾರಿಗೂ ಸಾಲ." ಅಪ್ಪನ ಲೆಕ್ಕದಲ್ಲಿ ಹೊಳೆಮೀನು ಮೂರೇ ಜಾತಿ. ಸಾರಿಗೆ ಆಗುವುದು, ಹುರಿಯಲಿಕ್ಕೆ ಆಗುವುದು, ಬೆಕ್ಕಿಗೆ ಆಗುವುದು. ಇವು ಮೂರನೆಯದು.

ಹುಡುಗನ ಮನೆಯಲ್ಲಿ ಒಂದೂವರೆ ಅಡಿಯ ಗಾಜಿನ ಪೆಟ್ಟಿಗೆ ಉಂಟು, ಹುಟ್ಟುಹಬ್ಬಕ್ಕೆ ಭಾವ ತೆಗೆದುಕೊಟ್ಟದ್ದು. ಇದನ್ನೆಲ್ಲ ಎರಡು ಲೀಟರಿನ ಬಾಟ್ಲಿಗಳಲ್ಲಿ ತುಂಬಿಸಿ ಶಿರಾಡಿ ಘಾಟಿ ಹತ್ತಿಸುವುದು ಅವನ ಯೋಜನೆ. ನಾನು ಒಂದೇ ಷರತ್ತು ಹಾಕಿದೆ. ಹೆಸರು ಗೊತ್ತಾದದ್ದು ಮಾತ್ರ ಬಸ್ಸು ಹತ್ತಬಹುದು, ಅದೂ ಹೆಸರು ಕೇಳಿದ ಮೇಲೆ ನಾನು ಹೂಂ ಅಂದರೆ.

ಈ ಷರತ್ತು ನಾನು ಕೆಟ್ಟು ಕಲಿತದ್ದು. ಪಿಯುಸಿಯಲ್ಲಿದ್ದಾಗ ಗದ್ದೆ ಪಕ್ಕದ ಕೆರೆಯಲ್ಲಿ ಕಿತ್ತಳೆ ಬಣ್ಣದ ಮರಿಗಳ ಒಂದು ಮೋಡವೇ ತೇಲುತ್ತಿತ್ತು. ಅಷ್ಟು ಚಂದದ ಮೀನು ಇನ್ನೊಂದಿಲ್ಲ ಎಂದು ಹತ್ತಿಪ್ಪತ್ತು ಮರಿ ಮೊಗೆದು ತಂದು, ಇದ್ದ ಗಪ್ಪಿಗಳ ಜೊತೆ ಬಿಟ್ಟೆ. ವಾರ ಕಳೆದಂತೆ ಕಿತ್ತಳೆ ಬಣ್ಣ ಹೋಗಿ ಮಣ್ಣಿನ ಬಣ್ಣ ಬಂತು, ಗಪ್ಪಿಗಳು ಒಂದೊಂದೇ ಕಾಣೆಯಾದವು, ಆಮೇಲೆ ಮರಿಗಳೇ ಒಂದನ್ನೊಂದು ತಿನ್ನತೊಡಗಿದವು. ಅದು ಮಾರುಕಟ್ಟೆಯಲ್ಲಿ ಮುರ್ರೆಲ್ ಎನ್ನುವ ಹಾವುತಲೆಯ ಮೀನು. ಮರಿಯಲ್ಲಿ ಮಾತ್ರ ಆ ಬಣ್ಣ, ದೊಡ್ಡದಾದರೆ ಎರಡು ಅಡಿ. ತಂದೆ ತಾಯಿ ಎರಡೂ ಮರಿಗಳ ಕೆಳಗೇ ಕಾವಲು ಇರುತ್ತವಂತೆ. ಅಂದರೆ ನಾನು ಮೊಗೆದದ್ದು ಅವುಗಳ ಕಣ್ಣೆದುರೇ. ಉಳಿದ ಒಂದೇ ಒಂದು ಮೀನು ಮುಚ್ಚಳ ತಳ್ಳಿ ಹಾರಿ ಅಡುಗೆಕೋಣೆಯಲ್ಲಿ ಸತ್ತಿತ್ತು. ಅಮ್ಮ ಆ ಗಾಜಿನ ಪೆಟ್ಟಿಗೆಯಲ್ಲಿ ಮತ್ತೆ ಏನನ್ನೂ ಸಾಕಲು ಬಿಡಲಿಲ್ಲ, ಹುಣಸೆಹುಳಿ ತುಂಬಿಸಿದರು.

ಸರಿ, ಬಾಲ್ದಿಯನ್ನು ಹಲಸಿನ ಮರದ ನೆರಳಿಗೆ ಇಟ್ಟು ಒಂದು ತಾಸು ಹಾಗೇ ಬಿಡಲು ಹೇಳಿದೆ. ಹುಡುಗನಿಗೆ ಇದೇ ಕಷ್ಟ. ಆದರೆ ಹಿಡಿದ ತಕ್ಷಣ ಮೀನನ್ನು ಗುರುತಿಸಲು ಹೋಗಬಾರದು. ಹೆದರಿದ ಮೀನು ಬಣ್ಣ ಬಿಟ್ಟುಕೊಡುತ್ತದೆ, ಪಟ್ಟೆ ಮಾಸುತ್ತದೆ, ಇಲ್ಲದ ಕಪ್ಪು ಕಾಣುತ್ತದೆ. ಮೇಲಿನಿಂದ ನೋಡಿದರಂತೂ ಎಲ್ಲವೂ ಒಂದೇ, ಬೆನ್ನು ಕಂದು. ಹೊಳೆಯಲ್ಲಿ ಕೊಕ್ಕರೆಗೆ ಕಾಣದಿರಲಿ ಎಂದೇ ಅಲ್ಲವೇ ಅದು ಹಾಗಿರುವುದು? ಪಕ್ಕದಿಂದ ನೋಡಬೇಕು. ಅದಕ್ಕೆಂದೇ ನಾನು ಗಾಜಿನ ತುಂಡುಗಳನ್ನು ಸಿಲಿಕೋನ್ ಹಾಕಿ ಅಂಟಿಸಿ, ಅರ್ಧ ಗೇಣು ಉದ್ದ, ಎರಡು ಬೆರಳು ಅಗಲದ ಒಂದು ಇಕ್ಕಟ್ಟು ಪೆಟ್ಟಿಗೆ ಮಾಡಿಟ್ಟಿದ್ದೇನೆ. ಹಿಂದೆ ಗ್ರಾಫ್ ಹಾಳೆ. ಮೀನು ತಿರುಗಲಾರದೆ ನೇರ ನಿಲ್ಲುತ್ತದೆ, ಫೋಟೋದಲ್ಲಿ ಅಳತೆಯೂ ಬೀಳುತ್ತದೆ. ಒಣ ಕೈಯಲ್ಲಿ ಹಿಡಿಯುವ ಪ್ರಶ್ನೆ ಇಲ್ಲ. ಮೈಮೇಲಿನ ಲೋಳೆ ಹೋದರೆ ಬೂಸು ಬಂದು ಸಾಯಬಹುದು.

ಹನ್ನೊಂದು ಮೀನು. ಅದರಲ್ಲಿ ಐದು ಹುಡುಗನ 'ಟೈಗರ್ ಬಾರ್ಬ್'. ಒಂದೂವರೆ ಇಂಚು, ಮೈಮೇಲೆ ಮೂರು ಕಪ್ಪು ಅಡ್ಡಪಟ್ಟೆ, ರೆಕ್ಕೆಯಲ್ಲಿ ಸ್ವಲ್ಪ ಕೆಂಪು.

ಮೊದಲ ನೋಟಕ್ಕೆ ನಾನೂ ಹಲುದಾರಿಯಾ ಇರಬಹುದು ಎಂದುಕೊಂಡೆ. ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಪಟ್ಟೆ ಬಾರ್ಬ್ ಅದು. ಬೆಳೆದರೂ ಎರಡು ಇಂಚಿನ ಆಸುಪಾಸು. ನನಗೆ ಆ ಹೆಸರಿನ ಮೇಲೆಯೇ ಪ್ರೀತಿ. ಫ್ರಾನ್ಸಿಸ್ ಬುಕಾನನ್ ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ತಂದ ಪುಸ್ತಕಕ್ಕೆ ಚಿತ್ರ ಬರೆದವನು ಹಲುದಾರ್ ಎಂಬ ಬಂಗಾಳಿ ಹುಡುಗ. 2013ರಲ್ಲಿ ನಮ್ಮ ದಕ್ಷಿಣದ ಈ ಪುಟ್ಟ ಮೀನುಗಳ ಕುಲಕ್ಕೆ ಅವನ ಹೆಸರಿಟ್ಟರು. ಬುಕಾನನ್ ಎಂದರೆ ಅವನೇ, 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ತೆರಿಗೆ, ತೋಟ ಎಲ್ಲವನ್ನೂ ಬರೆದಿಟ್ಟ ಮನುಷ್ಯ.

ಆದರೆ ಹಲುದಾರಿಯಾಕ್ಕೆ ಬಾಯಿಯ ಸುತ್ತ ಎರಡು ಜೋಡಿ ಮೀಸೆ ಇರಬೇಕು. ಭೂತಗನ್ನಡಿ ಹಿಡಿದು ನೋಡಿದೆವು. ಬಾಯಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಒಂದೇ ಜೋಡಿ. ಮೈಯೂ ಅಷ್ಟು ಗುಂಡಗಿಲ್ಲ. ಆಗ ಗೊತ್ತಾಯಿತು, ಇವು ದೊಡ್ಡ ಮೀನಿನ ಮರಿಗಳು. ಡಾಕಿನ್ಸಿಯಾ ಕುಲದ ಮರಿಗಳಿಗೆಲ್ಲ ಈ ಮೂರು ಪಟ್ಟೆ ಇರುತ್ತವೆ. ಬೆಳೆಯುತ್ತಾ ಪಟ್ಟೆಗಳು ಅಳಿಸಿ ಬಾಲದ ಹತ್ತಿರ ಒಂದು ಕಪ್ಪು ಬೊಟ್ಟು ಉಳಿಯುತ್ತದೆ, ಗಂಡಿನ ಬೆನ್ನ ರೆಕ್ಕೆಯಿಂದ ದಾರದಂಥ ಎಳೆಗಳು ಹೊರಡುತ್ತವೆ. ಐದಾರು ಇಂಚು ಬೆಳೆದು ಗುಂಪಿನಲ್ಲಿ ಓಡುವ ಮೀನು. ಹುಡುಗ ಇಷ್ಟಪಟ್ಟ ಪಟ್ಟೆ ಇವನ ವಾರ್ಷಿಕ ಪರೀಕ್ಷೆಯವರೆಗೂ ಉಳಿಯಲಿಕ್ಕಿಲ್ಲ.

"ಡಾಕಿನ್ಸಿಯಾ ಎಂತ?" ಎಂದು ಕೇಳಿದ. ಸ್ಪೆಲಿಂಗ್ ಬರೆಸಿದೆ. ಆ ಕುಲದಲ್ಲಿ ಎಲ್ಲರಿಗೂ ಗೊತ್ತಿರುವ ಜಾತಿ ಫಿಲಮೆಂಟೋಸಾ, ಎಳೆ ಇರುವುದಕ್ಕೇ ಆ ಹೆಸರು, ಆದರೆ ಅದಕ್ಕೆ ಮೀಸೆ ಇಲ್ಲ. ಮೀಸೆ ಇರುವ ಇನ್ನೊಂದು ಜಾತಿ ಅಸಿಮಿಲಿಸ್ ಅನ್ನು ಜೆರ್ಡನ್ ಎಂಬ ಸೇನಾ ವೈದ್ಯ 1849ರಲ್ಲಿ ವರ್ಣಿಸಿದ್ದು ನಮ್ಮ ಮಂಗಳೂರಿನ ಸುತ್ತಲಿನ ಸಿಹಿನೀರಿನ ಮೀನಿನಿಂದಲೇ. ಮೊದಲಾಗಿದ್ದರೆ ಅಸಿಮಿಲಿಸ್ ಎಂದು ಧೈರ್ಯವಾಗಿ ಬರೆದುಬಿಡುತ್ತಿದ್ದೆ. 2020ರಲ್ಲಿ ಪಶ್ಚಿಮ ಘಟ್ಟದಿಂದ ಒಂದೇ ಬಾರಿಗೆ ಮೂರು ಹೊಸ ಡಾಕಿನ್ಸಿಯಾ ಬಂದ ಮೇಲೆ ಮರಿ ನೋಡಿ ಜಾತಿ ಹೇಳುವ ಹುಮ್ಮಸ್ಸು ಇಳಿದಿದೆ. 'ಡಾಕಿನ್ಸಿಯಾ ಮರಿ, ಒಂದು ಜೋಡಿ ಮೀಸೆ, 5' ಎಂದು ಅವನ ಪುಸ್ತಕದಲ್ಲಿ ಬರೆಸಿ ತೋಡಿಗೆ ವಾಪಸು.

ಇನ್ನು ಎರಡು ಡೆವಾರಿಯೊ. ನೀಲಿ, ಹಳದಿ ಗೆರೆಯ ಚುರುಕು ಮೀನು. ಅದರಲ್ಲಿ ಒಂದರ ಮೈತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಇದು ಹೊಸ ಜಾತಿ ಎಂದು ಹುಡುಗ ಕುಣಿದ, ತನ್ನ ಹೆಸರನ್ನೇ ಇಡುತ್ತಾನಂತೆ. ಬಲಮಗ್ಗುಲಿನ ಚುಕ್ಕೆ ಎಣಿಸು ಎಂದೆ. ಹದಿನೇಳು. ಎಡಮಗ್ಗುಲು? ಒಂಬತ್ತು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದೂ ಸಣ್ಣ ಗುಳ್ಳೆ. ಹುಳದ ಮರಿ ಚರ್ಮದೊಳಗೆ ಗೂಡು ಕಟ್ಟಿಕೊಂಡರೆ ಮೀನಿನ ಮೈ ಅದರ ಸುತ್ತ ಕಪ್ಪು ಬಣ್ಣ ತುಂಬುತ್ತದೆ. ಆ ಹುಳ ಬಸವನಹುಳುವಿನಿಂದ ಮೀನಿಗೆ, ಮೀನಿನಿಂದ ಅದನ್ನು ತಿಂದ ಹಕ್ಕಿಗೆ, ಹಕ್ಕಿಯ ಹಿಕ್ಕೆಯಿಂದ ಮತ್ತೆ ನೀರಿಗೆ ಹೋಗುತ್ತದೆ. ನಮ್ಮ ತೋಡಿನ ಮಿಂಚುಳ್ಳಿಗಳ ಲೆಕ್ಕ ಈ ಮೀನಿನ ಮೈಮೇಲೆ ಉಂಟು ಎಂದೆ. ಅವನಿಗೆ ಬೇಸರ ಆಯಿತೋ ಖುಷಿ ಆಯಿತೋ ಗೊತ್ತಾಗಲಿಲ್ಲ, ಚುಕ್ಕೆಯನ್ನು ಮಾತ್ರ ಇನ್ನೊಮ್ಮೆ ಎಣಿಸಿದ.

ಬಾಲ್ದಿಯ ಗೋಡೆಗೆ ಅಂಟಿ ಕುಳಿತ ಎರಡು ಗಾರಾ. ಬಾಯಿ ಕೆಳಗೆ, ಗದ್ದದಲ್ಲಿ ಹೀರುವ ತಟ್ಟೆ. ಓಡುವ ನೀರಿನ ಕಲ್ಲಿನ ಪಾಚಿ ಕೆರೆದು ತಿನ್ನುವ ಪ್ರಾಣಿಗೆ ಫ್ಲ್ಯಾಟಿನ ಬಿಸಿ ನೀರು ಯಾಕೆ? ವಾಪಸು. ಮೈಮೇಲೆ ಪಟ್ಟೆಗಳಿರುವ ಒಂದು ಲೋಚ್, ತಳದಲ್ಲಿ ಇರುವ ಉದ್ದನೆಯ ಮೀನು. ತುಂಗಾ ನದಿಯಿಂದ ನಾರಾಯಣ ರಾವ್ 1920ರಲ್ಲಿ ವರ್ಣಿಸಿದ ಬೋಟಿಯಾ ಸ್ಟ್ರಯಾಟಾದ ಫೋಟೋ ಹುಡುಗ ಮೊಬೈಲಿನಲ್ಲಿ ತೋರಿಸಿದ, ಅದೇ ಇದು ಎಂದು. ಅದಕ್ಕೆ ಕಣ್ಣಿನ ಕೆಳಗೆ ಎದ್ದು ನಿಲ್ಲುವ ಮುಳ್ಳು ಇರುತ್ತದೆ, ಇದಕ್ಕಿಲ್ಲ. ಅದು ಘಟ್ಟದ ಆಚೆಯ ಕೃಷ್ಣಾ ಕಣಿವೆಯದ್ದು ಬೇರೆ. ಷಿಸ್ಟುರಾ ಎಂದು ಕುಲದ ಹೆಸರು ಮಾತ್ರ ಹೇಳಿ ನಿಲ್ಲಿಸಿದೆವು.

ಹನ್ನೊಂದನೆಯದನ್ನು ಅವನು ಬೇಕೆಂದೇ ಕೊನೆಗೆ ಇಟ್ಟಿದ್ದ. ಎರಡು ಇಂಚಿನ ಚಪ್ಪಟೆ ಮೀನು, ಎಲೆಯ ಹಾಗೆ. ಗಾಜಿನ ಪೆಟ್ಟಿಗೆಗೆ ಬಿಟ್ಟಾಗ ಮೊದಲು ಬೂದಿ ಬಣ್ಣ. ಐದು ನಿಮಿಷ ಯಾರೂ ಅಲುಗಾಡದೆ ಕೂತೆವು. ನಿಧಾನಕ್ಕೆ ಅಗಲ ಕಪ್ಪು ಪಟ್ಟೆಗಳು ಎದ್ದವು, ಅವುಗಳ ಮೇಲೆ ಸಾಲಾಗಿ ಮುತ್ತಿನಂಥ ಬಿಳಿ ಚುಕ್ಕೆ. ಅಳಿವೆಯ ಉಪ್ಪುನೀರಿನಲ್ಲಿ ಸಿಗುವ ಕರಿಮೀನು ನಮಗೆಲ್ಲ ಗೊತ್ತು, ಮಸಾಲೆ ಹಚ್ಚಿ ಕಾಯಿಸುವುದು. ಇದು ಅದರ ತಮ್ಮ. ಎಟ್ರೋಪ್ಲಸ್ ಕೆನರೆನ್ಸಿಸ್. ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕೆನರಾದ ಹೆಸರನ್ನೇ ಇದಕ್ಕೆ ಇಟ್ಟ. ನೇತ್ರಾವತಿ, ಕುಮಾರಧಾರೆಯಂಥ ನಮ್ಮ ಕೆಲವೇ ಹೊಳೆಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊರದೇಶದ ಅಕ್ವೇರಿಯಂನವರಿಗೆ ಮಾತ್ರ ಚೆನ್ನಾಗಿ ಗೊತ್ತು, ನಮಗೆ ಗೊತ್ತಿಲ್ಲ.

"ಇದೊಂದು ಸಾಕು ಮಾವ. ಉಳಿದದ್ದೆಲ್ಲ ಬಿಟ್ಟೆ ಅಲ್ವಾ?"

ಆಗುವುದಿಲ್ಲ ಎಂದೆ. ಯಾಕೆಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ ತಿಂದ್ರೆ ಆಗ್ತದೆ, ನಾನು ಸಾಕಿದ್ರೆ ಆಗುದಿಲ್ವಾ?" ಎಂದ.

ಇದಕ್ಕೆ ಉತ್ತರ ಹುಡುಕುತ್ತಾ ನಾನು ಶಿಶಿಲದ ಕಥೆ ತೆಗೆದೆ. ಅಲ್ಲಿ ದೇವಸ್ಥಾನದ ಬದಿಯ ಕಪಿಲಾ ಹೊಳೆಯಲ್ಲಿ ದೇವರ ಮೀನು, ತುಳುವಿನಲ್ಲಿ ಪೆರುವೊಲು, ಯಾರೂ ಮುಟ್ಟುವುದಿಲ್ಲ; 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಸತ್ತವು; ಊರೇ ಅತ್ತಿತು. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ಇದು ಅವನು ಕೇಳಿದ್ದಕ್ಕೆ ಉತ್ತರ ಅಲ್ಲ. ಮೊದಲ ಮಳೆಗೆ ಉಬರ್ ಹತ್ತಿದಾಗ, ಅಂದರೆ ಮೀನುಗಳು ಗುಂಪಾಗಿ ತೋಡು, ಗದ್ದೆಗೆ ಏರಿ ಬರುವಾಗ, ನಾನೂ ಟಾರ್ಚು ಹಿಡಿದು ಹೋದವನೇ. ಆ ಚೀಲದಲ್ಲಿ ಏನೇನು ಇತ್ತು ಎಂದು ಯಾವತ್ತು ನೋಡಿದ್ದೇನೆ? ಸುಮ್ಮನಾದೆ. ಅವನೇ ಬಾಲ್ದಿ ಎತ್ತಿಕೊಂಡು ಹೊರಟ. ಬಂಡೆಯ ಬದಿಯ ಗುಂಡಿಯಲ್ಲಿ ಬಾಲ್ದಿಯನ್ನು ಓರೆ ಮಾಡಿ ಹಿಡಿದ. ಮೀನು ತಾನಾಗಿಯೇ ಹೊರಗೆ ಹೋಗುವವರೆಗೆ ಕಾದ, ಸುರಿಯಲಿಲ್ಲ. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಪಂಪ್‌ಶೆಡ್ಡಿನ ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನಲಿ ಎಂದು ಬಿಟ್ಟ ಪಟ್ಟೆ ಪ್ಯಾಂಚಾಕ್ಸ್ ಉಂಟು, ಸುತ್ತಲಿನ ಚರಂಡಿ, ಗದ್ದೆ ಎಲ್ಲೆಡೆ ಬೇಕಾದಷ್ಟು ಇರುವಂಥದ್ದು. ಇಲ್ಲೂ ಹೆಸರಿನ ಪರೀಕ್ಷೆ ಆಗಲೇಬೇಕು. 1928ರಿಂದ ಮಲೇರಿಯಾದ ಹೆಸರಿನಲ್ಲಿ ದೇಶಕ್ಕೆ ತಂದು ಬಿಟ್ಟ ಗ್ಯಾಂಬೂಸಿಯಾವೂ ಅದೇ ಗಾತ್ರ, ಅದೇ ಹಾಗೆ ನೀರಿನ ಮೇಲ್ಮೈಯಲ್ಲಿ. ಆದರೆ ಪ್ಯಾಂಚಾಕ್ಸಿನ ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುತ್ತದೆ. ಹುಡುಗ ಚುಕ್ಕೆ ನೋಡಿ ನೋಡಿ ನಾಲ್ಕು ಆರಿಸಿದ. ಮುಚ್ಚಳ ಇಲ್ಲದಿದ್ದರೆ ಹಾರುತ್ತವೆ, ನಳ್ಳಿ ನೀರಿನ ಕ್ಲೋರಿನ್ ಹೋಗದೆ ಬಿಡಬೇಡ, ಮೂರು ವಾರ ಹಳೆ ಮೀನಿನ ಜೊತೆ ಸೇರಿಸಬೇಡ ಎಂದೆಲ್ಲ ಬಸ್ಸಿನ ಕಿಟಕಿಯವರೆಗೂ ಹೇಳುತ್ತಲೇ ಇದ್ದೆ.

4 ನವೆಂಬರ್, ಸೋಮವಾರ

ಬೆಳಿಗ್ಗೆ ಅಕ್ಕನ ಮೆಸೇಜು. ನಾಲ್ಕೂ ಜೀವಂತ. ಮುಚ್ಚಳ ಇಲ್ಲದ್ದಕ್ಕೆ ಚಪಾತಿಯ ಮಣೆ ಇಟ್ಟಿದ್ದಾರೆ, ಇವತ್ತು ಚಪಾತಿ ಇಲ್ಲವಂತೆ.

ಮುಂದಿನ ವಾರ ತೋಡಿಗೆ ಕಟ್ಟ ಹಾಕಬೇಕು. ಮರಳಿನ ಚೀಲದ ಲೆಕ್ಕ ಮಾತಾಡುತ್ತಾ ರಾತ್ರಿ ಊಟಕ್ಕೆ ಕೂತಿದ್ದೆವು. ಅಪ್ಪ ಇದ್ದಕ್ಕಿದ್ದಂತೆ ಕೇಳಿದರು.

"ಆ ಚಪ್ಪಟೆ ಮೀನಿಗೆ ಎಂತದೋ ಹೆಸರು ಹೇಳ್ತಿದ್ಯಲ್ಲ."

"ಕೆನರೆನ್ಸಿಸ್."

"ಕೆನರಾ? ಬ್ಯಾಂಕಿನದ್ದಾ?"

ನಗು ಬಂತು. ಬ್ಯಾಂಕಿಗೂ ಮೀನಿಗೂ ಹೆಸರು ಬಂದದ್ದು ಇದೇ ಊರಿನಿಂದ ಎಂದೆ. ಅಪ್ಪ ನಗಲಿಲ್ಲ. ಮಜ್ಜಿಗೆ ಹಾಕಿಕೊಂಡು ಅನ್ನ ಕಲಸುತ್ತಾ, "ಸಣ್ಣದಿರುವಾಗ ನಾವು ತುಂಬ ತಿಂದಿದ್ದೇವೆ ಅದನ್ನು. ಈಗ ಕಾಣುದಿಲ್ಲ. ಎಲ್ಲಿ ಸಿಕ್ತು ಮಾಣಿಗೆ?" ಎಂದರು.

ತೋಡಿನಲ್ಲೇ, ಬಂಡೆಯ ಬದಿಯ ಗುಂಡಿಯಲ್ಲಿ ಎಂದೆ. ಯಾವ ಬಂಡೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.