ಕೈಯಲ್ಲಿ ಹಿಡಿದು ತೋರಿಸುವ ಪೋನಿಗೆ ಯಾವ ಬ್ರೈಡಲ್?

ಶೋಗೆ ಪೋನಿಗಳನ್ನು, ಅಂದರೆ ಗಿಡ್ಡ ತಳಿಯ ಕುದುರೆಗಳನ್ನು, ತಯಾರು ಮಾಡುವುದು ನನ್ನ ಕೆಲಸ. ಜನ ನನ್ನನ್ನು ಜಾಸ್ತಿ ಕೇಳುವುದು ಒಂದೇ, ತಲೆಗೆ ಯಾವ ಬ್ರೈಡಲ್ (ತಲೆಯ ಪಟ್ಟಿಗಳ ಜೋಡಣೆ) ಹಾಕಲಿ ಅಂತ. ಕೇಳಬೇಕಾದ ಪ್ರಶ್ನೆಯೇ ಬಿಡಿ. ಪೋನಿಯನ್ನು ಕೈಯಲ್ಲಿ ಹಿಡಿದು ನಡೆಸಿ ತೋರಿಸುವ ಇನ್-ಹ್ಯಾಂಡ್ ಕ್ಲಾಸ್‌ನಲ್ಲಿ ಜೀನಿಲ್ಲ, ಸವಾರನಿಲ್ಲ, ಪೋನಿಯ ಮೈಮೇಲೆ ಇರುವುದು ತಲೆಯ ಪಟ್ಟಿಗಳು ಮಾತ್ರ. ಜಡ್ಜ್ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ನಾನು ಮೊದಲು ನೋಡುವುದು ಮುಖದ ಅಳತೆ. ಬ್ರಿಟನ್ನಿನ ನಿಯಮದಲ್ಲಿ ವೆಲ್ಷ್ ಸೆಕ್ಷನ್ ಎ ಪೋನಿ (ವೆಲ್ಷ್ ತಳಿಯ ಅತಿ ಚಿಕ್ಕ ವಿಭಾಗ) 12 ಹ್ಯಾಂಡ್ ಎತ್ತರ ಮೀರಬಾರದು, ಅಂದರೆ 48 ಅಂಗುಲ. ಅದರ ಪುಟ್ಟ ಮುಖಕ್ಕೆ ದಪ್ಪ ಪಟ್ಟಿ ಹಾಕಿದರೆ ಆ ಚೆಂದದ ಕಣ್ಣು, ಕೆನ್ನೆ ಎಲ್ಲ ಮುಚ್ಚಿಹೋಗುತ್ತದೆ. ಅದೇ ಹೈಲ್ಯಾಂಡ್ ಅಥವಾ ಫೆಲ್ ಪೋನಿಯ ಅಗಲ ತಲೆಗೆ ತೆಳು ಪಟ್ಟಿ ಹಾಕಿ ನೋಡಿ, ತಲೆ ಇರುವುದಕ್ಕಿಂತ ದೊಡ್ಡದಾಗಿ, ಒರಟಾಗಿ ಕಾಣುತ್ತದೆ. ಮುಖ ಉದ್ದ ಇದ್ದರೆ ಸ್ವಲ್ಪ ಅಗಲದ ಮೂಗಿನ ಪಟ್ಟಿ, ಅಂದರೆ ನೋಸ್‌ಬ್ಯಾಂಡ್ ಒಳ್ಳೆಯದು, ಉದ್ದ ಕಡಿಮೆ ಆದ ಹಾಗೆ ಕಾಣುತ್ತದೆ.

ಬಣ್ಣದ ವೆಲ್ವೆಟ್ ಬ್ರೌಬ್ಯಾಂಡ್ (ಹಣೆಯ ಪಟ್ಟಿ) ಶೋಗೆಂದೇ ಬೆಳೆಸುವ ನಾಜೂಕು ‘ಶೋ ಪೋನಿ’ಗಳಿಗೆ ಸರಿ. ವೆಲ್ಷ್, ಹೈಲ್ಯಾಂಡ್, ಫೆಲ್ ತರಹದ ಗುಡ್ಡಗಾಡಿನ ತಳಿಗಳಿಗೆ ಸಾದಾ ಚರ್ಮವೇ ಚೆಂದ, ಹೊಳಪಿನ ಆಸೆಗೆ ಬೀಳಬೇಡಿ. ವೆಲ್ಷ್ ಹೆಣ್ಣು ಪೋನಿಗಳಿಗೆ, ಎಳೆಯವಕ್ಕೆ ಬಿಳಿ ಹಗ್ಗದ ಹಾಲ್ಟರ್ (ಬಾಯೊಳಗೆ ಏನೂ ಇಲ್ಲದ ತಲೆಯ ಕಟ್ಟು) ಹಾಕುವ ರೂಢಿಯೂ ಇದೆ, ನನಗಂತೂ ಅದು ತುಂಬಾ ಇಷ್ಟ. ಆದರೆ ಮೂಗಿನ ಪಕ್ಕದಲ್ಲಿ ಗಂಟು ಹಾಕಲೇಬೇಕು, ಇಲ್ಲದಿದ್ದರೆ ಎಳೆದಷ್ಟೂ ಬಿಗಿಯುತ್ತಾ ಹೋಗುತ್ತದೆ.

ಎಲ್ಲರೂ ಸುಮ್ನೆ ದಾಟಿಬಿಡುವ ಜಾಗ ಅಂದರೆ ಕಿವಿಯ ಬುಡ. ಬ್ರೌಬ್ಯಾಂಡ್ ಗಿಡ್ಡ ಆದರೆ ತಲೆ ಮೇಲಿನ ಪಟ್ಟಿಯನ್ನು ಮುಂದಕ್ಕೆ ಎಳೆದು ಕಿವಿಯ ಹಿಂದೆ ಒತ್ತುತ್ತದೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಪೋನಿ ತಲೆ ಕೊಡವಲು ಶುರು ಮಾಡುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ, ನೋಡುವವರು ಸಿಡುಕಿನ ಪೋನಿ ಅಂದುಕೊಳ್ಳುತ್ತಾರೆ, ಪಾಪ ಅದಕ್ಕೆ ಆಗುತ್ತಿರುವುದು ನೋವು. ಬ್ರೌಬ್ಯಾಂಡ್ ಒಳಗೆ ಬೆರಳು ಆರಾಮಾಗಿ ಓಡಾಡಬೇಕು. ನೋಸ್‌ಬ್ಯಾಂಡ್ ಕೆನ್ನೆಯ ಮೂಳೆಯಿಂದ ಎರಡು ಬೆರಳು ಕೆಳಗೆ, ಒಳಗೂ ಎರಡು ಬೆರಳು ಸಡಿಲ. ಗಂಟಲ ಪಟ್ಟಿಯಲ್ಲಿ ನಾಲ್ಕು ಬೆರಳು ಹಿಡಿಯಬೇಕು.

ಮರಿಗಳಿಗೆ ಬಿಟ್ (ಬಾಯೊಳಗೆ ಕೂರುವ ಕಡಿವಾಣದ ಸರಳು) ಬೇಡ, ಮೆತ್ತಗಿನ ಚರ್ಮದ ಫೋಲ್ ಸ್ಲಿಪ್ (ಮರಿಗಳ ಹಾಲ್ಟರ್) ಸಾಕು. ಬೆಳೆದ ಸ್ಟಾಲಿಯನ್ (ಬೀಜದ ಗಂಡು) ವಿಷಯ ಬೇರೆ, ಅದಕ್ಕೆ ಬಿಟ್ ಬೇಕೇ ಬೇಕು. ಯಾವ ವಯಸ್ಸಿನಿಂದ ಕಡ್ಡಾಯ ಅನ್ನುವುದನ್ನು ಆ ಶೋನ ನಿಯಮದಲ್ಲೇ ಓದಿಕೊಳ್ಳಿ. ಲೀಡ್ (ಪೋನಿಯನ್ನು ಹಿಡಿದು ನಡೆಸುವ ಪಟ್ಟಿ) ಅನ್ನು ಬಿಟ್‌ನ ಒಂದೇ ಬಳೆಗೆ ಸಿಕ್ಕಿಸಿದರೆ ಎಳೆದಾಗ ಬಿಟ್ ಬಾಯಲ್ಲಿ ಪಕ್ಕಕ್ಕೆ ಜಾರುತ್ತದೆ, ತಲೆ ವಾಲುತ್ತದೆ, ಟ್ರಾಟ್ (ಸಣ್ಣ ಓಟ) ಮಾಡುವಾಗ ಹೆಜ್ಜೆಯೂ ನೆಟ್ಟಗೆ ಬರುವುದಿಲ್ಲ. ಎರಡೂ ಬಳೆಗಳನ್ನು ಸೇರಿಸುವ ಕಪ್ಲಿಂಗ್ ಹಾಕಿ, ಅದಕ್ಕೆ ಲೀಡ್ ಕೊಡಿ.

ಹೊಸ ಚರ್ಮ ಗಟ್ಟಿ ಇರುತ್ತದೆ ಅಲ್ವಾ, ಎಣ್ಣೆ ಹಾಕಿ ಮೆತ್ತಗೆ ಮಾಡಿ, ಶೋಗೆ ಮುಂಚೆಯೇ ಕೆಲವು ಸಲ ಹಾಕಿ ಓಡಿಸಿ ನೋಡಿ. ಕೈಗೆ ಗ್ಲೌಸ್ ಇರಲಿ. ಲೀಡ್ ಉಳಿದರೆ ಮಡಚಿ ಹಿಡಿಯಿರಿ, ಕೈಗೆ ಮಾತ್ರ ಸುತ್ತಿಕೊಳ್ಳಬೇಡಿ.